ಮಗಳನ್ನ ನಾಕು ತಿಂಗಳು ಬೆಂಗಳೂರಿಗೆ ಓದಾಕ ಕಳಿಸಿದ್ವಿ, ಹೆಂಗಿತ್ತು ಅಂದ್ರ

ನಮ್ಮದು ವಿಜಯಪುರ, ಪಂಪ್‌ಸೆಟ್ ಮಾರೂದು ರಿಪೇರಿ ಮಾಡೂದು ನನ್ನ ಕೆಲಸ. ಹೋದ ವರ್ಷ ಮಗಳು ಒಂಬತ್ತನೇ ಕ್ಲಾಸಿನಾಗ ಇದ್ದಾಗ ಬೆಂಗಳೂರಾಗ ಒಂದು ಸೆಮಿಸ್ಟರ್ ಪ್ರೋಗ್ರಾಮಿಗೆ ಕಳಿಸಿದ್ವಿ. ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್ ಕೊನೀತನಕ ಹದಿನಾರು ವಾರ, ಅಲ್ಲೇ ಹಾಸ್ಟೆಲ್‌ನಾಗ ಇರೂದು, ಮುಂಜಾನೆ ಎರಡು ತಾಸು ಗಣಿತ ವಿಜ್ಞಾನ, ಉಳಿದ ಹೊತ್ತು ಊರು ತಿರುಗಿ, ಮಂದೀನ ಮಾತಾಡಿಸಿ, ಬರದು ಓದೂದು. ಅವತ್ತಿಂದ ಅಂಗಡಿಗೆ ಬಂದವ್ರೆಲ್ಲ ಹೆಂಗೈತ್ರಿ, ಕಳಿಸಬಹುದೇನ್ರಿ, ರೊಕ್ಕ ಎಷ್ಟು ಅಂತ ಕೇಳಾಕತ್ತಾರ, ಒಬ್ಬೊಬ್ಬರಿಗೆ ಹೇಳೂದಕ್ಕಿಂತ ಎಲ್ಲಾ ಒಂದೇ ಕಡೆ ಬರದುಬಿಡ್ತೀನಿ. ಸಂಸ್ಥೆ ಹೆಸರು ಬರಿಯಂಗಿಲ್ಲ, ಯಾಕಂದ್ರ ಒಂದೆರಡು ದೂರೂ ಅದಾವ, ಅವನ್ನ ಅವರ ಮುಂದ ಕುಂತೇ ಹೇಳೇನಿ.

ಇದು ಹೊಸಾ ವಿಚಾರ ಅಲ್ಲ. ಅಮೆರಿಕಾದಾಗ ನ್ಯೂಯಾರ್ಕ್ ಹತ್ರ ಡಾಬ್ಸ್ ಫೆರಿ ಅಂತ ಊರು ಐತಿ, ಅಲ್ಲಿ ಮಾಸ್ಟರ್ಸ್ ಸ್ಕೂಲಿನವ್ರು 1996ರಾಗ ಸಿಟಿಟರ್ಮ್ ಅಂತ ಶುರು ಮಾಡಿದ್ರು, ಬ್ಯಾರೆ ಬ್ಯಾರೆ ಹೈಸ್ಕೂಲಿನ ಸುಮಾರು 30 ಹುಡುಗ್ರು ಒಂದು ಸೆಮಿಸ್ಟರ್ ಅಲ್ಲಿದ್ದು ನ್ಯೂಯಾರ್ಕ್ ಸಿಟೀನ ಓದ್ತಿದ್ರು. ನಮ್ಮ ಮಗಳು ಹೋದ ಪ್ರೋಗ್ರಾಮಿನವ್ರು ಮೊದಲನೇ ಮೀಟಿಂಗಿನಾಗ ಅದನ್ನೇ ಉದಾಹರಣೆ ಕೊಟ್ರು. ನಮ್ಮ ದೇಶದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಳಗೂ ಆರರಿಂದ ಎಂಟನೇ ಕ್ಲಾಸಿನವ್ರಿಗೆ ಹತ್ತು ದಿವಸ ಬ್ಯಾಗ್ ಇಲ್ಲದ ಸಾಲಿ ಅಂತ ಬರದಾರ, ಆದ್ರ ಹತ್ತು ದಿವಸಕ್ಕೂ ಹದಿನಾರು ವಾರಕ್ಕೂ ಭಾಳ ಫರಕ್ ಐತಿ, ಅದು ನನಗ ಕಳಿಸಿದ ಮ್ಯಾಲೇ ತಿಳೀತು.

ಮೊದಲು ಮನಸ್ಸಿರಲಿಲ್ಲ ನನಗ. ಹದಿನಾಕು ವರ್ಷದ ಹುಡುಗಿ, ಐನೂರು ಕಿಲೋಮೀಟರ್ ಮ್ಯಾಲೆ ದೂರ, ಮನಿ ಬಿಟ್ಟು ಒಂದು ರಾತ್ರಿನೂ ಇದ್ದಾಕಿ ಅಲ್ಲ. ಅಕಿ ಅವ್ವಾನೇ ಹಠ ಹಿಡಿದ್ಲು, ನಾ ಕಂಡಿಲ್ಲ ಅಕಿಯರ ಕಾಣಲಿ ಅಂದ್ಲು, ಆಮ್ಯಾಲೆ ನಾನೇನೂ ಮಾತಾಡಲಿಲ್ಲ. ಗೋಳಗುಮ್ಮಟ ಎಕ್ಸ್‌ಪ್ರೆಸ್ ಹತ್ತಿ ಮುಂಜಾನೆ ಬೆಂಗಳೂರಾಗ ಇಳಿದ್ವಿ, ಹಾಸ್ಟೆಲ್ ಜಯನಗರದ ಕಡೆ ಒಂದು ಹಳೇ ಮನಿ, ಮುಂದ ಒಂದು ಸಂಪಿಗೆ ಗಿಡ, ಸ್ವಚ್ಛ ಇತ್ತು, ವಾರ್ಡನ್ ಬಾಯಿ ಜೋಡಿ ಮಾತಾಡಿದ್ವಿ, ಬಾತ್‌ರೂಮ್ ನೋಡಿದ್ವಿ, ಬಾಗಲಾ ಚಿಲಕಾ ಎಲ್ಲಾ ನಾನೇ ಹಾಕಿ ತಗದು ನೋಡಿದೆ. ಆ ವಿಷಯದಾಗ ಹದಿನಾರು ವಾರ ಒಂದು ಮಾತೂ ಹೇಳೂ ಹಂಗ ಆಗಲಿಲ್ಲ. ಹೊರಗ ಹೋದಾಗ ಐದು ಹುಡುಗ್ರಿಗೆ ಒಬ್ಬ ದೊಡ್ಡವ್ರು ಇದ್ದೇ ಇರ್ತಿದ್ರು, ರಾತ್ರಿ ಎಂಟಕ್ಕ ಫೋನ್ ಮಾಡಾಕ ಬಿಡ್ತಿದ್ರು.

ಈಗ ಓದಿನ ವಿಷಯ. ಮೊದಲ ನಾಕು ವಾರ ನೀರು. ಬರೇ ನೀರು. ಮಾಸ್ತರು ಮೊದಲ ದಿವಸ ಎಲ್ಲಾರಿಗೂ ಒಂದು ನೋಟ್‌ಬುಕ್ ಕೊಟ್ಟು, ಹಾಸ್ಟೆಲಿನ ನಳ ತಗದು, ಈ ನೀರು ಎಲ್ಲಿಂದ ಬಂತು, ಸಂಪ್ ತೋರಿಸಬ್ಯಾಡ್ರಿ, ಅದಕ್ಕಿಂತ ಹಿಂದ ಹೋಗ್ರಿ, ಅಂದ್ರಂತ. ಅವತ್ತು ರಾತ್ರಿ ಮಗಳು ಫೋನ್ ಮಾಡಿ ಅಪ್ಪಾ, ಕಾವೇರಿ ನೀರು ಬೆಂಗಳೂರಿಗೆ ಎಷ್ಟು ಎತ್ತರ ಏರ್ತೈತಿ ಗೊತ್ತೇನು ಅಂದ್ಲು. ನನಗ ಗೊತ್ತಿರಲಿಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮ್ಯಾಲೆ ಎತ್ತಬೇಕು, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡ್ತಾರ ಅಂದ್ಲು. ನೋಡ್ರಿ ನಾನು ದಿನಾ ಹೆಡ್, ಅಂದ್ರ ನೀರು ಏರೂ ಎತ್ತರ, ಎಷ್ಟು ಫೂಟು, ಎಷ್ಟು ಎಚ್‌ಪಿ ಮೋಟರ್ ಅಂತ ಲೆಕ್ಕಾ ಹಾಕಾಂವ, 500 ಮೀಟರ್ ಅಂದ್ರ 1600 ಫೂಟಿನ ಮ್ಯಾಲೆ, ಅದೂ ಒಂದು ಬೋರ್‌ವೆಲ್‌ನ ಎರಡಿಂಚು ಪೈಪಿನಾಗ ಅಲ್ಲ, ಇಡೀ ಒಂದು ಊರಿಗೆ, ಹಗಲೂ ರಾತ್ರಿ. ಅವತ್ತು ನಾವಿಬ್ಬರೂ ಅರ್ಧಾ ತಾಸು ಪಂಪಿನ ಬಗ್ಗೆ ಮಾತಾಡಿದ್ವಿ. ಅದಕ್ಕಿಂತ ಮೊದಲು ನಾನೂ ನನ್ನ ಮಗಳೂ ನನ್ನ ಕೆಲಸದ ಬಗ್ಗೆ ಅಷ್ಟೊತ್ತು ಯಾವತ್ತೂ ಮಾತಾಡಿರಲಿಲ್ಲ.

ಆಮ್ಯಾಲೆ ಹಿಂದಕ್ಕ ಹೋಗ್ಯಾರ. ಕಾವೇರಿ ನೀರು ಬಂದದ್ದು 1974ರಾಗ, ಅದಕ್ಕಿಂತ ಮೊದಲು 1933ರಿಂದ ತಿಪ್ಪಗೊಂಡನಹಳ್ಳಿ, ಅದಕ್ಕಿಂತ ಮೊದಲು ಹೆಸರಘಟ್ಟ, ಎರಡೂ ಅರ್ಕಾವತಿ ನದೀದು, ಅದಕ್ಕಿಂತಲೂ ಮೊದಲು ಕೆರಿ ಬಾವಿ. ಹುಡುಗ್ರನ್ನ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಾಗ ನಿಂದ್ರಿಸಿ ಇಲ್ಲಿ ಧರ್ಮಾಂಬುಧಿ ಕೆರಿ ಇತ್ತು ಅಂತ ಹೇಳ್ಯಾರ, ಕಂಠೀರವ ಸ್ಟೇಡಿಯಂ ಹತ್ರ ಕರಕೊಂಡು ಹೋಗಿ ಸಂಪಂಗಿ ಕೆರಿ ಇಷ್ಟೇ ಉಳಿದೈತಿ, ಇದನ್ನೂ ಕರಗ ಹಬ್ಬದ ಸಲುವಾಗಿ ಇಟ್ಟಾರ ಅಂತ ಒಂದು ಸಣ್ಣ ಹೊಂಡ ತೋರ್ಸ್ಯಾರ. ಬಸ್ ಸ್ಟ್ಯಾಂಡಿನಾಗ ಒಂದು ತಾಸು ನಿಂತು ಯಾವ ದಿಕ್ಕಿಗೆ ಇಳಿಜಾರು ಐತಿ ನೋಡ್ರಿ, ಮಳಿ ಬಂದ್ರ ನೀರು ಎಲ್ಲಿ ಹೋಗಬೇಕು ಬರೀರಿ ಅಂತ ಕೆಲಸಾ ಕೊಟ್ಟಾರ. ನಾನು ಮೆಜೆಸ್ಟಿಕ್‌ನಾಗ ನೂರು ಸಲ ಬಸ್ ಹತ್ತೇನಿ, ಇಳಿಜಾರು ನೋಡಿಲ್ಲ.

ಮುಂದಿನ ವಾರದ್ದು ಭಾಳ ಮುಖ್ಯ, ಅದಕ್ಕ ಸ್ವಲ್ಪ ಉದ್ದ ಬರೀತೀನಿ. ಮೊದಲ ಹದಿನೈದು ದಿವಸ ನಮ್ಮ ಹುಡುಗಿ ಕ್ಲಾಸಿನಾಗ ಬಾಯಿ ಬಿಟ್ಟಿರಲಿಲ್ಲ. 22 ಹುಡುಗ್ರು, ಎಲ್ಲಾ ಮೈಸೂರು ಬೆಂಗಳೂರು ಹೈದರಾಬಾದ್ ಕಡೆಯವ್ರು, ಚರ್ಚಾ ಎಲ್ಲಾ ಇಂಗ್ಲೀಷಿನಾಗ, ಕನ್ನಡ ಮಾತಾಡಿದ್ರ ಅಕಿ ಮಾತಿಗೆ ಒಬ್ಬಿಬ್ಬರು ನಕ್ಕಾರ, ಐತಿ ಅಂದ್ರ ಐತಿ ಅಂತ ತಿರುಗಿ ಅಂದು ತೋರ್ಸ್ಯಾರ. ಫೋನಿನಾಗ ಅತ್ತಿದ್ಲು, ನನಗ ಹೇಳಿಲ್ಲ, ಅವ್ವಗ ಹೇಳ್ಯಾಳ. ಅಷ್ಟೊತ್ತಿಗೆ ಒಂದು ಕೆಲಸ ಬಂತು, ಕಾವೇರಿ ಪೈಪ್ ಇಲ್ಲದ ಮನಿಯವ್ರು ನೀರು ಹೆಂಗ ತರ್ತಾರ ಅಂತ ಕೇಳಿಕೊಂಡು ಬರೂದು. ಊರ ಹೊರಗ ದೊಡ್ಡ ಬಿಲ್ಡಿಂಗ್ ಕಟ್ಟೂ ಜಾಗಾದ ಹತ್ರ ನೀಲಿ ತಾಡಪತ್ರಿ ಹಾಕಿದ ಶೆಡ್ಡುಗಳು, ಅಲ್ಲಿದ್ದವ್ರು ಯಾರು ಅಂದ್ರ ನಮ್ಮವ್ರೇ, ಇಂಡಿ, ಸಿಂದಗಿ, ಯಾದಗಿರಿ ಕಡೆಯಿಂದ ದುಡಿಯಾಕ ಹೋದವ್ರು. ಬ್ಯಾರೆ ಹುಡುಗ್ರು ಕೇಳಿದ್ರ ಆ ಹೆಣ್ಮಕ್ಳು ಹೌದು ಇಲ್ಲ ಅಂದು ಸುಮ್ಮನಾಗ್ಯಾರ. ನಮ್ಮಾಕಿ ಹೋಗಿ, ಯಕ್ಕಾ, ನೀರು ಯಾವಾಗ ಬರ್ತೈತಿ ಅಂದದ್ದೇ ತಡ, ಬಾರವ್ವ ಕುಂದ್ರು, ಯಾವೂರು ನಿಂದು ಅಂತ ಚಾ ಕಾಸಿ ಕೊಟ್ಟು, ಒಂದೂವರಿ ತಾಸು ಮಾತಾಡ್ಯಾರ.

ಆ ನೋಟ್‌ಬುಕ್ ಈಗ ನನ್ನ ಮುಂದೇ ಐತಿ. ಒಂದು ಪುಟದಾಗ ಹಿಂಗ ಬರದಾಳ: ಟ್ಯಾಂಕರ್ ವಾರಕ್ಕ ಎರಡು ಸಲ, ಬೆಳಗಿನ ಜಾವ, ಬಂದಾಗ ಎದ್ದವರಿಗೆ ಸಿಗ್ತೈತಿ. ನೀಲಿ ಡ್ರಮ್ಮು, ಡ್ರಮ್ಮಿಗೆ ರೊಕ್ಕ. ಕುಡಿಯೂ ನೀರು ಬ್ಯಾರೆ, ಕ್ಯಾನು. ಮುಸುರಿ ತೊಳದ ನೀರು ಶೆಡ್ಡಿನ ಮುಂದ ಧೂಳಿಗೆ ಚೆಲ್ಲೂದು. ಅದರ ಕೆಳಗ ಒಂದು ಸಾಲು, ಈ ಅಕ್ಕನ ಊರಾಗ ಅವರ ಹೊಲದ ಬೋರ್ ಬತ್ತಿದ್ದಕ್ಕ ಇಲ್ಲಿಗೆ ಬಂದಾರ, ಇಲ್ಲಿ ಕಟ್ಟೂ ಬಿಲ್ಡಿಂಗಿನಾಗ ಈಜೂ ಟ್ಯಾಂಕ್ ಐತಿ, ಅದಕ್ಕ ಇವರೇ ಟೈಲ್ಸ್ ಹಚ್ಚಾಕತ್ತಾರ. ಅಷ್ಟೇ, ಮುಂದ ಏನೂ ಬರದಿಲ್ಲ. ಪಕ್ಕದಾಗ ಮಾಸ್ತರು ಪೆನ್ಸಿಲ್‌ಲೇ ಸಣ್ಣದಾಗಿ, ಇದನ್ನ ಕ್ಲಾಸಿನಾಗ ನಿನ್ನ ಭಾಷಾದಾಗೇ ಓದು, ಅಂತ ಬರದಾರ. ಓದ್ಯಾಳ. ಆಮ್ಯಾಲೆ ಎರಡು ಸಲ ಉಳಿದ ಗುಂಪಿನವ್ರು ನಮ್ಮ ಜೋಡಿ ಬಾ ಅಂತ ಅಕೀನ ಕರಕೊಂಡು ಹೋಗ್ಯಾರಂತ.

ಆ ಮಾಸ್ತರಿಗೆ ನಾನು ಕೈ ಮುಗೀತೀನಿ. ಈ ಪ್ರೋಗ್ರಾಮಿಗೆ ನಾವು ಕೊಟ್ಟ ರೊಕ್ಕ ಅಂಥಾ ಒಬ್ಬ ಮಾಸ್ತರಿಗೆ ಕೊಟ್ಟದ್ದು ಅಂತ ನಾನು ತಿಳಕೊಂಡೀನಿ, ಬೆಂಗಳೂರು ತೋರ್ಸೂದಕ್ಕ ಅಲ್ಲ. ಬೆಂಗಳೂರು ತೋರ್ಸಾಕ ಎರಡು ದಿವಸದ ಟ್ರಿಪ್ ಸಾಕು, ಸಾಲಿಯವ್ರೇ ಕರಕೊಂಡು ಹೋಗ್ತಾರ, ಲಾಲ್‌ಬಾಗ್, ವಿಧಾನಸೌಧ, ಫೋಟೋ, ವಾಪಸ್. ಇವ್ರೂ ಲಾಲ್‌ಬಾಗಿಗೆ ಹೋಗ್ಯಾರ, ಆದ್ರ ಹೂವು ನೋಡಾಕ ಅಲ್ಲ, ಅಲ್ಲಿನ ಬಂಡಿಗಲ್ಲಿನ ಮ್ಯಾಲೆ ಕುಂತು ಈ ಕಲ್ಲಿಗೆ 300 ಕೋಟಿ ವರ್ಷ ಅಂತ ಮಾತಾಡ್ಯಾರ, ಅದರ ಮ್ಯಾಲೆ ಕೆಂಪೇಗೌಡರ ಗೋಪುರ ಯಾಕ ಐತಿ ಅಂತ ಊರಿನ ಗಡಿ ನಕಾಶೆ ಬರದಾರ.

ಉಳಿದ ವಾರಗಳು ಮಾರ್ಕೆಟ್ಟು, ಬಸವನಗುಡಿ ಮಲ್ಲೇಶ್ವರ ಕಡೆ ಹಳೇ ಬೀದಿ, ಮೆಟ್ರೋ. ಕೆ.ಆರ್. ಮಾರ್ಕೆಟ್ಟಿಗೆ ಮುಂಜಾನೆ ನಾಕಕ್ಕ ಹೋಗಿ ಹೂವಿನ ಲಿಲಾವು ನೋಡ್ಯಾರ. 1898ರ ಪ್ಲೇಗ್ ಬಂದ ಮ್ಯಾಲೆ ಆ ಎರಡೂ ಬಡಾವಣೆ ಹೆಂಗ ಬೆಳದ್ವು, ರಸ್ತೆ ಯಾಕ ಅಗಲ, ಮನಿ ಹಿಂದ ಸಂದಿ ಯಾಕ ಬಿಟ್ಟಾರ ಅಂತ ನಡಕೊಂಡು ನೋಡ್ಯಾರ. ಕೊನೀ ಮೂರು ವಾರ ಒಬ್ಬೊಬ್ಬರದು ಒಂದು ಸ್ವಂತ ಪ್ರಾಜೆಕ್ಟು, ನಮ್ಮಾಕಿದು ಟ್ಯಾಂಕರ್.

ಈಗ ದೂರು. ಗಣಿತ ಹಿಂದ ಬಿತ್ತು. ಮುಂಜಾನೆ ಎರಡು ತಾಸು ಅಂತ ಹೇಳಿದ್ರು, ಹೊರಗ ಹೋಗೂ ದಿವಸ ಅದು ಒಂದು ತಾಸಿಗೆ ಬಂತು, ಕೆಲವು ದಿವಸ ಇಲ್ಲೇ ಇಲ್ಲ. ಬಹುಪದೋಕ್ತಿ ಪಾಠ ಅರ್ಧಾಕ್ಕೇ ನಿಂತಿತ್ತು, ವಾಪಸ್ ಬಂದ ಮ್ಯಾಲೆ ಎರಡು ತಿಂಗಳು ಟ್ಯೂಷನ್ ಹಚ್ಚಿ ಸರಿ ಮಾಡಿದ್ವಿ. ಮುಂದ ಎಸ್ಸೆಸ್ಸೆಲ್ಸಿ ಐತಿ ಅನ್ನೂದು ಅವ್ರಿಗೆ ಗೊತ್ತಿರಬೇಕು. ಹತ್ತನೇ ಕ್ಲಾಸಿನಾಗ ಮಾತ್ರ ಯಾರೂ ಕಳಿಸಬ್ಯಾಡ್ರಿ, ಒಂಬತ್ತನೇದ್ದು ಮೊದಲನೇ ಟರ್ಮ್ ಸರಿಯಾದ ಟೈಮು.

ಊಟ. ಅನ್ನ ಸಾಂಬಾರು ಅನ್ನ ರಸಂ ಅನ್ನ ಮಜ್ಜಗಿ. ರೊಟ್ಟಿ ತಿಂದು ಬೆಳದ ಮಕ್ಕಳಿಗೆ ಮೊದಲ ತಿಂಗಳು ಹೊಟ್ಟಿ ತುಂಬೂದಿಲ್ಲ. ನಾವು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಡಬ್ಬಿ ಕಟ್ಟಿ ಬಸ್ಸಿನಾಗ ಕಳಿಸ್ತಿದ್ವಿ, ಎಂಟು ದಿವಸದಾಗ ಖಾಲಿ, ಯಾಕಂದ್ರ 22 ಮಂದಿನೂ ತಿಂತಿದ್ರು.

ಎಲ್ಲಕ್ಕಿಂತ ಹೆಚ್ಚು ತ್ರಾಸು ಆದದ್ದು ಇಲ್ಲಿ, ಅಕಿ ಓದೂ ಸಾಲಿಯಾಗ. ಹಾಜರಿ ಹೆಂಗ ಹಾಕೂದು, ನಾಕು ತಿಂಗಳು ಹೊರಗ ಓದಿದ್ದಕ್ಕ ಕಾಗದ ಏನು, ಟೆಸ್ಟ್ ಮಾರ್ಕ್ಸ್ ಎಲ್ಲಿಂದ ತರೂದು, ಯಾರಿಗೂ ಗೊತ್ತಿಲ್ಲ, ನಾಕು ಸಲ ಅಂಗಡಿ ಬಾಗಲಾ ಹಾಕ್ಕೊಂಡು ಹೋಗೇನಿ. ಕೊನೀಗೆ ಆ ಪ್ರೋಗ್ರಾಮಿನವ್ರು ವಾರದ ವಾರ ಏನು ಓದಿದ್ರು ಅಂತ ಬರದು, ಟೆಸ್ಟ್ ಮಾಡಿ ಮಾರ್ಕ್ಸ್ ಹಾಕಿ ಕಳಿಸಿದ ಮ್ಯಾಲೆ ಒಪ್ಪಿಕೊಂಡ್ರು. ಕಳಿಸೂದಿದ್ರ ಈ ಕಾಗದದ ಮಾತು ಮೊದಲು ಬಗೆಹರಿಸಿಕೊಳ್ರಿ, ಲಿಖಿತದಾಗ ತಗೋರಿ, ಬಾಯಿ ಮಾತು ನಂಬಬ್ಯಾಡ್ರಿ.

ಫೀಸು 1,85,000 ಕೊಟ್ಟೀವಿ, ಊಟ ವಸತಿ ಊರಾಗಿನ ತಿರುಗಾಟ ಎಲ್ಲಾ ಸೇರಿ. ಹಿಂದಿನ ಸೀಸನ್ನಿನಾಗ ಧಂದೆ ಚಲೋ ನಡದಿತ್ತು, ಅದಕ್ಕ ಆತು. ಎಲ್ಲಾರಿಗೂ ಆಗೂ ಮಾತಲ್ಲ ಇದು, ಅದು ನನಗ ಮನಸ್ಸಿನಾಗ ಕೊರಿತೈತಿ. ಆ ಶೆಡ್ಡಿನಾಗ ಅಕಿ ಮಾತಾಡಿಸಿದ ಅಕ್ಕನ ಮಗಳೂ ಒಂಬತ್ತನೇ ಕ್ಲಾಸಂತ, ಊರಾಗ ಅಜ್ಜಿ ಹತ್ರ ಇದ್ದು ಓದಾಕತ್ತಾಳ.

ದಸರಾ ಸೂಟಿಗೆ ಮಗಳು ಮನಿಗೆ ಬಂದ ಮರುದಿವಸ ಅಡಗಿ ಮನಿ ನಳದ ಮುಂದ ನಿಂತು ಅಪ್ಪಾ ಇದು ಎಲ್ಲಿಂದ ಬರ್ತೈತಿ ಅಂದ್ಲು. ಕೊಲ್ಹಾರದಿಂದ, ಕೃಷ್ಣಾ ನೀರು ಅಂದೆ. ಅದಕ್ಕಿಂತ ಹಿಂದ ಅಂದ್ಲು. ಅಲ್ಲಿಂದ ಶುರು ಆದದ್ದು ಇನ್ನೂ ನಿಂತಿಲ್ಲ. ಐತವಾರ ಬಂತಂದ್ರ ಸ್ಕೂಟರ್ ಹಿಂದ ಕುಂತು ಹೊಂಡ್ತಾಳ. 1620ರಾಗ ಕಟ್ಟಿದ ತಾಜ್ ಬಾವಡಿ, ಊರ ಹೊರಗ ಬೇಗಂ ತಲಾಬ್, 1651ರಾಗ ಮಹಮ್ಮದ್ ಆದಿಲ್ ಶಾಹ ಕಟ್ಟಿಸಿದ್ದು, ಅಲ್ಲಿಂದ ಮಣ್ಣಿನ ಪೈಪಿನಾಗ ಊರಿಗೆ ನೀರು ಬರ್ತಿತ್ತು. ದಾರಿ ಮ್ಯಾಲೆ ಎತ್ತರಕ ಕಲ್ಲಿನ ಕಂಬದಂಗ ನಿಂತಾವಲ್ಲ, ಗಂಜ್ ಅಂತಾರ, ಸಣ್ಣಾಂವ ಇದ್ದಾಗಿಂದ ನೋಡೇನಿ, ಕೋಟಿ ಬುರುಜು ಇರಬೇಕು ಅನ್ಕೊಂಡಿದ್ದೆ. ಅವು ಪೈಪಿನ ಪ್ರೆಷರ್ ಒಡೀಲಿಕ್ಕೆ, ಕಸಾ ತಳಕ್ಕ ಕುಂದ್ರಲಿಕ್ಕೆ ಕಟ್ಟಿದ್ದು. ನಾವು ಇವತ್ತಿಗೂ ಉದ್ದ ಲೈನಿಗೆ ಮಾಡೂದು ಅದನ್ನೇ, ಪ್ರೆಷರ್ ಹೆಚ್ಚಾದ್ರ ಪೈಪ್ ಸಿಡೀತೈತಿ ಅಂತ ನಡುವ ಟ್ಯಾಂಕ್ ಇಡ್ತೀವಿ. ಅಕಿಗೆ ಅದನ್ನ ಅಲ್ಲೇ ಗಂಜಿನ ನೆಳ್ಳಿಗೆ ನಿಂತು ಹೇಳಿದೆ, ಅಕಿ ಬರಕೊಂಡ್ಲು, ಬರಕೊಂಡು ಪಕ್ಕದಾಗ ನನ್ನ ಹೆಸರು ಹಾಕಿ, ಪಂಪ್ ಮೆಕ್ಯಾನಿಕ್, ಹೇಳಿದ್ದು, ಅಂತ ತಾರೀಖು ಹಾಕಿದ್ಲು, ಬೆಂಗಳೂರಾಗ ಎಲ್ಲಾರ ಹೆಸರಿನ ಮುಂದೂ ಹಂಗೇ ಹಾಕಾಕ ಕಲಿಸ್ಯಾರಂತ.

ಪ್ರೋಗ್ರಾಮಿನವ್ರು ಕೊನೀಗೆ ಪಾಲಕರ ಅಭಿಪ್ರಾಯ ಬರದು ಕಳಿಸ್ರಿ ಅಂದಿದ್ರು. ಗಣಿತದ್ದು, ಊಟದ್ದು ಬರದೆ, ಕೆಳಗ ಎರಡು ಮಾತು ದೊಡ್ಡ ಅಕ್ಷರದಾಗ ಬರದೆ. ಒಂದು, ಕನ್ನಡದಾಗ ಬರಿಯಾಕ ಮಾತಾಡಾಕ ಮೊದಲ ದಿವಸದಿಂದ ಬಿಡಬೇಕು. ಇನ್ನೊಂದು, ಪ್ರತಿ ಬ್ಯಾಚಿಗೆ ಎರಡು ಸೀಟು ಫೀಸಿಲ್ದ ಇಡ್ರಿ, ದುಡಿಯಾಕ ಹೋದವ್ರ ಮಕ್ಕಳಿಗೆ. ಮೊದಲನೇದ್ದಕ್ಕ ಈ ಜೂನಿನಿಂದ ಮಾಡ್ತೀವಿ ಅಂತ ಉತ್ತರ ಬಂದೈತಿ. ಎರಡನೇದ್ದಕ್ಕ ಇನ್ನೂ ಬಂದಿಲ್ಲ, ಹೋದ ವಾರ ಮತ್ತ ಫೋನ್ ಮಾಡೇನಿ, ನಮ್ಮ ಅಂಗಡಿಯಿಂದ ಅರ್ಧಾ ಸೀಟಿನ ರೊಕ್ಕ ಕೊಡ್ತೀನಿ ಅಂತನೂ ಹೇಳೇನಿ.