ಆಪ್‌ನ ಪ್ಯಾಕೇಜೋ, ಗೇಟಿನ ತಗಡಿನ ಬೋರ್ಡೋ? ಬಾಗಲಕೋಟೆಯಲ್ಲಿ ಬಣ್ಣದ ಕೆಲಸ ಹಿಡಿಯಲು ನಾನು ಮಾಡಿ ನೋಡಿದ್ದು

ಬಣ್ಣ ಹಚ್ಚಿಸಬೇಕೆನ್ನುವವರ ಫೋನ್ ಸಂಖ್ಯೆ ಕೊಡುವ ಒಂದು ಮೊಬೈಲ್ ಆಪ್‌ನ ಪ್ಯಾಕೇಜನ್ನು ಹನ್ನೆರಡು ಸಾವಿರ ರೂಪಾಯಿ ಕೊಟ್ಟು ಕೊಂಡೆ, ಅದು ನನಗೆ ಎರಡು ಕೆಲಸ ತಂದಿತು. ಕೆಲಸ ನಡೆಯುತ್ತಿದ್ದ ಮನೆಗಳ ಗೇಟಿಗೆ ತಂತಿಯಿಂದ ಕಟ್ಟಿದ ತಗಡಿನ ಬೋರ್ಡುಗಳು ಹನ್ನೊಂದು ಕೆಲಸ ತಂದವು. ಬಾಗಲಕೋಟೆಯಲ್ಲಿ ನನ್ನಂತೆ ನಾಲ್ಕು ಜನರನ್ನು ಕಟ್ಟಿಕೊಂಡು ಮನೆಗಳಿಗೆ ಬಣ್ಣ ಹಚ್ಚುವ ಗುತ್ತಿಗೆ ಹಿಡಿಯುವವರು ಬಹಳ ಜನ ಇದ್ದಾರೆ. ದಸರಾ ಹತ್ತಿರ ಬಂದಾಗ ಅವರ ಬಳಿಗೂ ಪ್ಯಾಕೇಜ್ ಮಾರುವವರು ಬರುತ್ತಾರೆ. ದುಡ್ಡು ಕೊಡುವ ಮೊದಲು ಅವರು ಇದನ್ನು ಓದಲಿ ಎಂಬುದು ನನ್ನ ಆಸೆ.

ನನ್ನ ಕೆಲಸದ ರೀತಿಯನ್ನು ಮೊದಲು ಹೇಳಬೇಕು, ಏಕೆಂದರೆ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ. ನಾನೂ ಹುಡುಗರ ಜೊತೆ ಗೋಡೆಗೆ ನಿಲ್ಲುವವನು. ಗೋಡೆ ನುಣುಪಾಗಲು ಬಣ್ಣಕ್ಕೆ ಮೊದಲು ಬಳಿಯುವ ಪುಟ್ಟಿಯನ್ನು ಕಲಸಿದರೆ ಎರಡು ಮೂರು ತಾಸಿನೊಳಗೆ ಅದು ಗೋಡೆ ಸೇರಬೇಕು, ತಡವಾದರೆ ಬುಟ್ಟಿಯಲ್ಲೇ ಕಲ್ಲಾಗುತ್ತದೆ. ಆ ಹೊತ್ತಿನಲ್ಲಿ ನಾನು ಫೋನ್ ಎತ್ತುವುದಿಲ್ಲ. ಒಂದೇ ಸಲಕ್ಕೆ ಎರಡು ಮನೆಗಿಂತ ಹೆಚ್ಚು ಹಿಡಿಯುವುದೂ ಇಲ್ಲ. ತಿಂಗಳಿಗೆ ಎರಡು ಮೂರು ಒಳ್ಳೆಯ ಮನೆ ಸಿಕ್ಕರೆ ನನಗೆ ಸಾಕು. ಇನ್ನೊಂದು ರೂಢಿಯೂ ಇದೆ. ಹೊಸಬರು ಯಾರೇ ಮಾತನಾಡಿಸಿದರೂ 'ನನ್ನ ಹೆಸರು ನಿಮಗೆ ಎಲ್ಲಿ ಸಿಕ್ಕಿತು?' ಎಂದು ಕೇಳಿ ಡೈರಿಯಲ್ಲಿ ಬರೆದಿಡುತ್ತೇನೆ. ಕಳೆದ ಶ್ರಾವಣದಿಂದ ಯುಗಾದಿಯವರೆಗಿನ ಆ ಡೈರಿಯೇ ಈ ಬರಹಕ್ಕೆ ಆಧಾರ.

ಆಪ್‌ನ ಪ್ರತಿನಿಧಿ ಶ್ರಾವಣದಲ್ಲಿ ನಾನು ಕೆಲಸ ಮಾಡುತ್ತಿದ್ದ ಮನೆಗೇ ಬಂದಿದ್ದರು. ಬಣ್ಣ ಹಚ್ಚಿಸಬೇಕೆಂದು ಹುಡುಕಿದವರ ಮೊಬೈಲ್ ಸಂಖ್ಯೆ ನನಗೆ ಬರುತ್ತದೆ, ನಾನು ಫೋನ್ ಮಾಡಿ ಕೆಲಸ ಕುದುರಿಸಿಕೊಳ್ಳಬೇಕು, ಆರು ತಿಂಗಳಿಗೆ ನಲವತ್ತು ಸಂಖ್ಯೆ ಎಂದು ವಿವರಿಸಿದರು. ಯಾವ ಬಡಾವಣೆ ಎಂದು ಕೇಳಿದರು. 'ನವನಗರ' ಎಂದೆ. ತೊಂದರೆಯೆಲ್ಲ ಹುಟ್ಟಿದ್ದು ಆ ಒಂದು ಮಾತಿನಿಂದ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರಿನ ಒಂದು ಭಾಗ ಹೋದಾಗ, ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರು ನಮ್ಮ ನವನಗರ. ಇಲ್ಲಿ ಯಾರು ವಿಳಾಸ ಹೇಳಿದರೂ ಸೆಕ್ಟರ್ ಸಂಖ್ಯೆಯಿಂದಲೇ ಶುರು ಮಾಡುತ್ತಾರೆ. ಆದ್ದರಿಂದ ಮೊದಲ ಸಂಖ್ಯೆಗೆ ಫೋನ್ ಮಾಡಿದಾಗ 'ಯಾವ ಸೆಕ್ಟರ್ ಸರ್?' ಎಂದು ಕೇಳಿದೆ. 'ಸೆಕ್ಟರ್ ಎಂಥದೂ ಇಲ್ಲ, ಬಿಆರ್‌ಟಿಎಸ್ ನಿಲ್ದಾಣದಲ್ಲಿ ಇಳಿದು ಒಳಗೆ ಬನ್ನಿ' ಎಂದರು. ಬಿಆರ್‌ಟಿಎಸ್ ಎಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ಪಥದಲ್ಲಿ ಓಡುವ ಬಸ್ಸು, ಬಾಗಲಕೋಟೆಗೆ ಅದು ಎಲ್ಲಿಂದ ಬರಬೇಕು? ಅವರು ಹುಬ್ಬಳ್ಳಿಯ ನವನಗರದವರು, ಇಲ್ಲಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಮೊದಲ ಹದಿನೈದು ದಿನಗಳಲ್ಲಿ ಬಂದ ಒಂಬತ್ತು ಸಂಖ್ಯೆಗಳಲ್ಲಿ ಆರು ಹುಬ್ಬಳ್ಳಿಯವು. ಒಂದೊಂದೂ ನನ್ನ ನಲವತ್ತರಿಂದ ಕಡಿತವಾಗುತ್ತಿತ್ತು.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಬಡಾವಣೆಯ ಹೆಸರು ಹೊಂದುತ್ತಿದೆ, ಆದ್ದರಿಂದ ಆ ಸಂಖ್ಯೆ ಲೆಕ್ಕಕ್ಕೆ ಸೇರಿದೆ ಎಂಬ ಉತ್ತರ ಬಂತು. ಎರಡನೆಯ ಸಲ ಬೇರೊಬ್ಬರು, ಅದೇ ಉತ್ತರ. ಮೂರನೆಯ ಸಲ ಎತ್ತಿದ ಹೆಣ್ಣುಮಗಳು ತಾಳ್ಮೆಯಿಂದ ಕೇಳಿಸಿಕೊಂಡು, ನನ್ನ ವ್ಯಾಪ್ತಿಯನ್ನು 'ಬಾಗಲಕೋಟೆ ಜಿಲ್ಲೆ' ಎಂದು ಬದಲಿಸಿಕೊಟ್ಟರು. ಊರು ಮಾತ್ರ ಆರಿಸಿಕೊಳ್ಳುವ ಅವಕಾಶ ನನ್ನ ಪ್ಯಾಕೇಜಿನಲ್ಲಿ ಇರಲಿಲ್ಲವಂತೆ. ಹುಬ್ಬಳ್ಳಿ ನಿಂತಿತು, ಮುಧೋಳ, ಜಮಖಂಡಿ ಶುರುವಾದವು. ನಾಲ್ಕು ಜನ, ಏಣಿ, ಸಾರವೆಯ ಬೊಂಬು ಹೊತ್ತುಕೊಂಡು ದಿನವೂ ಹೋಗಿ ಬರುವ ದೂರವಲ್ಲ ಅದು. ಕಡಿತವಾದ ಸಂಖ್ಯೆಗಳನ್ನು ಅವರು ವಾಪಸು ಕೊಡಲೇ ಇಲ್ಲ. ನಲವತ್ತರಲ್ಲಿ ಇಪ್ಪತ್ತು ಹೀಗೆಯೇ ಹೋದವು.

ಉಳಿದ ಇಪ್ಪತ್ತು ನಮ್ಮೂರಿನವೇ. ಆದರೆ ಒಂದೇ ಸಂಖ್ಯೆಯನ್ನು ಹಲವು ಪೇಂಟರ್‌ಗಳಿಗೆ ಒಟ್ಟಿಗೆ ಕಳುಹಿಸುತ್ತಾರೆ ಎಂಬುದು ನನಗೆ ತಿಳಿದದ್ದು ವಿದ್ಯಾಗಿರಿಯ ಒಬ್ಬ ನಿವೃತ್ತ ಮಾಸ್ತರರಿಂದ. ಪುಟ್ಟಿ ಮುಗಿಸಿ, ಕೈ ತೊಳೆದು, ಮಧ್ಯಾಹ್ನ ಒಂದಕ್ಕೆ ಅವರಿಗೆ ಫೋನ್ ಮಾಡಿದೆ. 'ತಮ್ಮಾ, ಬೆಳಗ್ಗೆಯಿಂದ ನೀನು ಐದನೆಯವನು. ಚದರ ಅಡಿಗೆ ಎಷ್ಟು ಎಂದು ಮಾತ್ರ ಹೇಳು, ಬೇರೆ ಏನೂ ಹೇಳಬೇಡ' ಎಂದರು. ಅವರ ಬೇಸರ ನನಗೆ ಅರ್ಥವಾಯಿತು. ಆದರೆ ಗೋಡೆ ನೋಡದೆ ನಾನು ದರ ಹೇಳುವುದಿಲ್ಲ. ಸುಣ್ಣದ ಗೋಡೆಯೋ, ಡಿಸ್ಟೆಂಪರ್ ಹಚ್ಚಿದ್ದೋ, ಎರೆ ಮಣ್ಣಿನ ಮೇಲೆ ಕಟ್ಟಿ ಬಿರುಕು ಬಿಟ್ಟಿದೆಯೋ, ಕೆಳಗಿನಿಂದ ಉಪ್ಪು ಏಳುತ್ತಿದೆಯೋ, ಏನೂ ಗೊತ್ತಿಲ್ಲದೆ ಹೇಳುವ ದರ ಒಂದೋ ನನಗೆ ಮೋಸ, ಇಲ್ಲವೇ ಅವರಿಗೆ ಮೋಸ. ಐದು ನಿಮಿಷದೊಳಗೆ ಫೋನ್ ಮಾಡಿ, ನೋಡದೆ ದರ ಹೇಳಬಲ್ಲವರಿಗೆ ಆ ಆಪ್ ಹೊಂದುತ್ತದೆ. ಕಚೇರಿಯಲ್ಲಿ ಫೋನ್ ನೋಡಿಕೊಳ್ಳಲು ಒಬ್ಬರನ್ನು ಕೂಡಿಸಿರುವ ದೊಡ್ಡ ಗುತ್ತಿಗೆದಾರರಿಗೂ ಹೊಂದೀತು. ನನಗೆ ಸಿಕ್ಕ ಎರಡು ಕೆಲಸಗಳಲ್ಲಿ ಒಂದು ಒಂದೇ ಕೋಣೆಯದು.

ಕರಪತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಸಾವಿರ ಪ್ರತಿ ಮುದ್ರಿಸಿ, ನವರಾತ್ರಿಗೆ ಮೊದಲು ದಿನಪತ್ರಿಕೆಯೊಳಗೆ ಇಡಿಸಿದೆ. ಅದೇ ವಾರ ಚಿನ್ನದ ಅಂಗಡಿ, ಬಟ್ಟೆ ಅಂಗಡಿಗಳ ಕರಪತ್ರಗಳೂ ಇದ್ದವು. ಏಳು ಫೋನ್, ಒಂದು ಕೆಲಸ. ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದರೆ ನೋಡುವವರೆಲ್ಲ ನನ್ನ ನೆಂಟರು ಮತ್ತು ಇತರ ಪೇಂಟರ್‌ಗಳು.

ಬಣ್ಣದ ಅಂಗಡಿಯ ಮಾತು ಬೇರೆ. ಆಪ್‌ಗೂ ಇದಕ್ಕೂ ಹೋಲಿಕೆಯೇ ಇಲ್ಲ. ಮನೆಯವರು ಶೇಡ್ ಕಾರ್ಡ್ ತಿರುವಿ ಹಾಕುತ್ತಾ 'ಒಳ್ಳೆಯ ಪೇಂಟರ್ ಯಾರಾದರೂ ಇದ್ದಾರೆಯೇ?' ಎಂದು ಕೇಳುವುದು ಅಂಗಡಿಯ ಯಜಮಾನರನ್ನೇ. ಅವರ ಬಾಯಲ್ಲಿ ಮೊದಲು ಬರುವ ಹೆಸರಿಗೆ ಅರ್ಧ ಕೆಲಸ ಸಿಕ್ಕಂತೆಯೇ. ಹೀಗೆ ಆರು ಕೆಲಸ ಬಂದವು. ಕಿಲ್ಲಾ, ವೆಂಕಟಪೇಟೆಯಂತಹ ಹಳೆಯ ಊರಿನ ಓಣಿಗಳಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಲ್ಲಿ ಬಾಗಿಲು ನೇರವಾಗಿ ಓಣಿಗೇ ತೆರೆಯುತ್ತದೆ, ಬೋರ್ಡು ಕಟ್ಟಲು ಗೇಟು ಎಲ್ಲಿದೆ? ಹೋಳಿಯಲ್ಲಿ ಬಣ್ಣದ ಬಂಡಿಗಳು ಹಾದು ಹೋದ ಓಣಿಗಳ ಗೋಡೆಗಳು ಹೇಗಿರುತ್ತವೆ ಎಂಬುದನ್ನು ಬಾಗಲಕೋಟೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಕಲೆಯ ಮೇಲೆ ನೀರಿನ ಬಣ್ಣ ಹಚ್ಚಿದರೆ ಗುಲಾಬಿ ಮತ್ತೆ ಹೊರಗೆ ಇಣುಕುತ್ತದೆ. ತೊಳೆದು, ಒಣಗಿಸಿ, ಎಣ್ಣೆಯ ಪ್ರೈಮರ್ ಹೊಡೆದ ನಂತರವೇ ಮೇಲಿನ ಬಣ್ಣ. ಇದನ್ನು ಸರಿಯಾಗಿ ಮಾಡುತ್ತೇನೆ ಎಂದು ಅಂಗಡಿಯವರಿಗೆ ಗೊತ್ತಿರುವುದರಿಂದ ಹೋಳಿಯ ನಂತರದ ಎರಡು ಮನೆಗಳನ್ನು ನನಗೇ ಕಳುಹಿಸಿದರು.

ಆದರೆ ಅಂಗಡಿಯ ಕೆಲಸಕ್ಕೆ ಒಂದು ಬಾಧ್ಯತೆ ಅಂಟಿಕೊಂಡಿರುತ್ತದೆ. ಬಣ್ಣವನ್ನು ಅಲ್ಲಿಯೇ ಕೊಳ್ಳಬೇಕು. ಉದ್ರಿ ಇದ್ದರಂತೂ ಬೇರೆ ಅಂಗಡಿಯ ಕಡೆ ಮುಖ ಮಾಡುವಂತಿಲ್ಲ. ಬಣ್ಣದ ಡಬ್ಬದೊಳಗೆ ಪೇಂಟರ್‌ಗೆಂದು ಇಡುವ, ಹಣ ತರುವ ಟೋಕನ್‌ನ ಆಸೆಗೆ ಮನೆಯವರಿಗೆ ಬೇಡದ ದುಬಾರಿ ಬಣ್ಣ ಹೇಳುವ ಒತ್ತಡವೂ ಬರುತ್ತದೆ. ನಾನು ಉದ್ರಿ ಇಟ್ಟುಕೊಳ್ಳದೆ ಈ ಸಂಬಂಧವನ್ನು ಚೆನ್ನಾಗಿ ಉಳಿಸಿಕೊಂಡಿದ್ದೇನೆ.

ಗೂಗಲ್ ನಕ್ಷೆಯಲ್ಲಿ ಹೆಸರು ಹಾಕಲು ಹಣ ಬೇಡ. ನನ್ನ ಅಕ್ಕನ ಮಗ ಒಂದು ಭಾನುವಾರ ಕುಳಿತು ಮಾಡಿಕೊಟ್ಟ. ನನ್ನ ಸಾಮಾನು, ಏಣಿ, ಓಣಿ ಎಲ್ಲವನ್ನೂ ತೋರಿಸುವ ವಿಡಿಯೊ ಕಳುಹಿಸಿದ ಮೇಲೆ ದೃಢೀಕರಣವಾಯಿತು. ಮನೆಯ ವಿಳಾಸ ತೋರಿಸದೆ, ಕೆಲಸ ಮಾಡುವ ಊರನ್ನಷ್ಟೇ ತೋರಿಸಬಹುದು. ಅಲ್ಲಿಂದಲೇ ನೇರವಾಗಿ ಬಂದದ್ದು ಎರಡು ಕೆಲಸ. ಬೋರ್ಡು ನೋಡಿದವರು ರಾತ್ರಿ ಮನೆಯಲ್ಲಿ ಕುಳಿತು ನನ್ನ ಕೆಲಸದ ಫೋಟೊ ನೋಡುತ್ತಾರೆ ಎಂಬುದೇ ನನಗೆ ಅದರ ದೊಡ್ಡ ಉಪಯೋಗ. ಕೊನೆಯ ಕಂತು ಪಡೆಯುವ ದಿನ ಮನೆಯವರಿಗೆ ಲಿಂಕ್ ಕಳುಹಿಸಿ ನಾಲ್ಕು ಸಾಲು ಬರೆಯಲು ಕೇಳಿಕೊಳ್ಳುತ್ತೇನೆ. ಅದಕ್ಕಾಗಿ ದರದಲ್ಲಿ ರಿಯಾಯಿತಿ ಕೊಡುವುದು ಅವರ ನಿಯಮಕ್ಕೆ ವಿರುದ್ಧ, ನಾನು ಕೊಡುವುದೂ ಇಲ್ಲ.

ಇನ್ನು ನನ್ನ ಬೋರ್ಡು. ಫ್ಲೆಕ್ಸ್ ಅನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. ಅಲ್ಲದೆ ಬಣ್ಣದವನ ಬೋರ್ಡು ಬಣ್ಣದಿಂದಲೇ ಬರೆದಿರಬೇಕು ಎಂಬುದು ನನ್ನ ಹಟ. ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತಗಡು ಕತ್ತರಿಸಿಸಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಹೊಡೆದು, ಮೇಲೆ ಕೆನೆಬಣ್ಣದ ಎನಾಮಲ್ ಎರಡು ಕೋಟ್ ಹಚ್ಚಿದೆ. ಅಕ್ಷರ ಬರೆದವರು ಹಳೆಯ ಊರಿನ ಒಬ್ಬ ಹಿರಿಯ ಬೋರ್ಡ್ ಪೇಂಟರ್ ಕಾಕಾ. ಮೊದಲ ಬೋರ್ಡಿನಲ್ಲಿ ನನ್ನ ಹೆಸರು ದೊಡ್ಡದು, ಫೋನ್ ಸಂಖ್ಯೆ ಚಿಕ್ಕದು. ಬೈಕಿನ ಮೇಲೆ ಹೋಗುವವರಿಗೆ ಅದು ಕಾಣಿಸುತ್ತಲೇ ಇರಲಿಲ್ಲ. ಕಾಕಾ ಅದನ್ನು ಅಳಿಸಿ, ಸಂಖ್ಯೆಯನ್ನು ಎರಡು ಸಾಲು ಮಾಡಿ, ನಾಲ್ಕು ಬೆರಳಿನ ಎತ್ತರಕ್ಕೆ ಕಡುನೀಲಿಯಲ್ಲಿ ಬರೆದುಕೊಟ್ಟರು. ಮೇಲೆ ಒಂದೇ ಸಾಲು: 'ಈ ಮನೆಯ ಬಣ್ಣದ ಕೆಲಸ ನಮ್ಮದು.' ನಾಲ್ಕು ಬೋರ್ಡಿಗೆ ಒಟ್ಟು ಎರಡು ಸಾವಿರದ ಆರು ನೂರು ರೂಪಾಯಿ ಬಿತ್ತು.

ಮುಂಗಡ ಪಡೆಯುವಾಗಲೇ ಮನೆಯವರ ಒಪ್ಪಿಗೆ ಕೇಳುತ್ತೇನೆ. ಒಪ್ಪಿದರೆ ಗೇಟಿನ ತುಕ್ಕು ಕೆರೆದು, ಎನಾಮಲ್ ಹಚ್ಚುವ ಕೂಲಿಯನ್ನು ಬಿಡುತ್ತೇನೆ. ಅದನ್ನು ಮೊದಲ ದಿನವೇ ಮುಗಿಸುತ್ತೇನೆ, ಏಕೆಂದರೆ ಬೋರ್ಡು ತೂಗುವ ಗೇಟು ಹೊಳೆಯುತ್ತಿರಬೇಕು. ಇಬ್ಬರು ಬೇಡವೆಂದರು, ಅಲ್ಲಿ ಕಟ್ಟಲಿಲ್ಲ. ವಿದ್ಯುತ್ ಕಂಬ, ಸರ್ಕಾರಿ ಗೋಡೆಗಳ ತಂಟೆಗೆ ಯಾರೂ ಹೋಗಬೇಡಿ. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ 1981ರ ಕಾಯ್ದೆ ಕರ್ನಾಟಕದಲ್ಲಿದೆ.

ಬೋರ್ಡು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಾರ್ತಿಕದಲ್ಲಿ ಕಣ್ಣಾರೆ ಕಂಡೆ. ಎದುರು ಮನೆಯ ತಾಯಿಯೊಬ್ಬರು ಮೂರು ದಿನ ಬೆಳಗ್ಗೆ ರಂಗೋಲಿ ಹಾಕುತ್ತಾ ನಮ್ಮ ಕಡೆ ನೋಡುತ್ತಿದ್ದರು. ನಾಲ್ಕನೆಯ ದಿನ ರಸ್ತೆ ದಾಟಿ ಬಂದು, ಯಾರನ್ನೂ ಕೇಳದೆ, ಹಿಂದಿನ ದಿನ ಮುಗಿಸಿದ್ದ ಗೋಡೆಯ ಮೇಲೆ ಅಂಗೈಯನ್ನು ಗಟ್ಟಿಯಾಗಿ ಉಜ್ಜಿದರು. ಕೈಯನ್ನು ಬಿಸಿಲಿಗೆ ಹಿಡಿದು ನೋಡಿದರು. 'ತಮ್ಮಾ, ನಮ್ಮ ಗೋಡೆಗೆ ಒರಗಿದರೆ ಸೀರೆಗೆಲ್ಲ ಪುಡಿ ಹತ್ತುತ್ತದೆ. ಎರಡು ವರ್ಷದ ಹಿಂದೆ ಹಚ್ಚಿಸಿದ್ದು. ಇದು ಹತ್ತುವುದಿಲ್ಲವೇ?' ಎಂದರು. 'ಅಕ್ಕಾ, ನಿಮ್ಮ ಗೋಡೆ ನೋಡೋಣ ಬನ್ನಿ' ಎಂದು ಅವರ ಜೊತೆಯೇ ಹೋದೆ. ಪುಟ್ಟಿಯ ಪಟ್ಟಿಯಿಂದ ಒಂದು ಮೂಲೆಯಲ್ಲಿ ಕೆರೆದೆ. ಬಣ್ಣದ ತೆಳು ಪೊರೆಯ ಜೊತೆ ಒಳಗಿದ್ದ ಹಳೆಯ ಸುಣ್ಣವೂ ಹಪ್ಪಳದಂತೆ ಎದ್ದು ಬಂತು. ಸುಣ್ಣ ಕೆರೆಯದೆ, ಪ್ರೈಮರ್ ಹಾಕದೆ ಮೇಲೆ ಬಣ್ಣ ಬಳಿದು ಹೋಗಿದ್ದರು. ಕೆರೆಯುವುದಕ್ಕೇ ಮೂರು ದಿನ ಬೇಕು, ಅದರ ಕೂಲಿ ಬೇರೆ ಎಂದು ಹೇಳಿದೆ. ಅವರ ಎದುರೇ ಟೇಪ್ ಹಿಡಿದು ಗೋಡೆ ಅಳೆದು, ಬಾಗಿಲು ಕಿಟಕಿಗಳ ಅಳತೆ ಕಳೆದು, ಚೀಟಿಯಲ್ಲಿ ಬರೆದುಕೊಟ್ಟೆ. ಎರಡು ದಿನ ಬಿಟ್ಟು ಅವರ ಯಜಮಾನರು ಬಂದು ಮುಂಗಡ ಕೊಟ್ಟರು. ದರ ಕಡಿಮೆ ಮಾಡು ಎಂದು ಒಂದು ಮಾತೂ ಆಡಲಿಲ್ಲ.

ಫೋನ್‌ನಲ್ಲಿ ಈ ಮಾತುಕತೆ ಸಾಧ್ಯವಿರಲಿಲ್ಲ. ಬೋರ್ಡು ನೋಡಿ ಬರುವವರು ನಮ್ಮ ಕೆಲಸವನ್ನು ಮುಟ್ಟಿ ನೋಡಿಯೇ ಬರುತ್ತಾರೆ. ನಾನು ಎಲ್ಲಿದ್ದೇನೆ ಎಂಬುದೂ ಅವರಿಗೆ ಗೊತ್ತು, ಫೋನ್ ಎತ್ತದಿದ್ದರೆ ನಡೆದೇ ಬರುತ್ತಾರೆ. ಅದೇ ಓಣಿಯಲ್ಲಿ ಮುಂದಿನ ಕೆಲಸ ಸಿಕ್ಕರೆ ಸಾಮಾನು ಸಾಗಿಸಲು ಟಂಟಂ ಬಾಡಿಗೆಯೂ ಇಲ್ಲ. ಹನ್ನೊಂದರಲ್ಲಿ ಏಳು ಕೆಲಸ ಬೋರ್ಡು ಇದ್ದ ಓಣಿಯಲ್ಲೇ ಸಿಕ್ಕವು.

ಇದಕ್ಕೂ ಕುಂದುಗಳಿವೆ. ಮಳೆಗಾಲದಲ್ಲಿ ಹೊರಗಿನ ಕೆಲಸ ನಿಂತರೆ ಬೋರ್ಡು ಗೋಡೆಯ ಮೂಲೆ ಸೇರುತ್ತದೆ. ಹೊಸಬರಿಗೆ ಮೊದಲ ಮನೆ ಸಿಗದೆ ಬೋರ್ಡು ಕಟ್ಟಲು ಜಾಗವೇ ಇರುವುದಿಲ್ಲ. ಅವರು ಅಂಗಡಿಯಿಂದಲೇ ಶುರು ಮಾಡಬೇಕು. ಕೆಲಸ ಕೆಟ್ಟರೆ ಯಾರು ಕೆಡಿಸಿದ್ದು ಎಂದು ಇಡೀ ಓಣಿಗೆ ತಿಳಿಯುತ್ತದೆ. ಒಂದು ಮನೆಯಲ್ಲಿ ಮಾಳಿಗೆಯ ಪ್ಯಾರಪೆಟ್‌ನ ಬಿರುಕು ಮತ್ತೆ ಬಾಯಿ ಬಿಟ್ಟಾಗ, ಬೋರ್ಡು ಬಿಚ್ಚುವ ಮೊದಲೇ ನಮ್ಮ ಖರ್ಚಿನಲ್ಲಿ ಅದನ್ನು ಅಗೆದು ತುಂಬಿ ಮತ್ತೆ ಬಣ್ಣ ಹಚ್ಚಿಕೊಟ್ಟೆವು.

ಪ್ಯಾಕೇಜಿನ ಅವಧಿ ಮುಗಿದ ಮೇಲೆ ಅದೇ ಪ್ರತಿನಿಧಿ ನವೀಕರಣಕ್ಕೆಂದು ಫೋನ್ ಮಾಡಿದ್ದರು, ಬೇಡವೆಂದೆ. ಆ ದುಡ್ಡಿನಲ್ಲಿ ಒಂದು ಹೊಸ ಅಲ್ಯೂಮಿನಿಯಂ ಏಣಿ ಕೊಂಡಿದ್ದೇನೆ. ಈಗ ಎರಡು ಬೋರ್ಡು ಒಂದೇ ಸೆಕ್ಟರ್‌ನಲ್ಲಿ ತೂಗುತ್ತಿವೆ. ಮೂರನೆಯದಕ್ಕೆ ಬಿಸಿಲಿಗೆ ಬಣ್ಣ ಮಾಸಿದೆ, ಕಾಕಾ ಅದನ್ನು ಮತ್ತೆ ಬರೆಯುತ್ತಿದ್ದಾರೆ. ಸೋಮವಾರ ಶುರುವಾಗುವ ಮನೆ ಈಗಿನ ಮನೆಯ ಎದುರಿಗೇ ಇದೆ, ಏಣಿ ರಸ್ತೆ ದಾಟಿದರೆ ಸಾಕು.