ಐಸಿಯುನಲ್ಲಿ ಸಕ್ಕರೆಯ ಗುರಿ: 110ರ ಒಳಗೋ, 180ರ ಒಳಗೋ?

ಐಸಿಯು ರೋಗಿಯ ರಕ್ತದ ಸಕ್ಕರೆಯನ್ನು ಇನ್ಸುಲಿನ್ ಡ್ರಿಪ್‌ನಿಂದ 80–110ಕ್ಕೆ (ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ) ಬಿಗಿಹಿಡಿಯಬೇಕೋ, 180ರ ಒಳಗಿದ್ದರೆ ಸಾಕೋ ಎಂಬ ಆಯ್ಕೆಯಲ್ಲಿ ಎರಡು ಅಧ್ಯಯನಗಳು ಎದುರುಬದುರಾಗಿ ನಿಲ್ಲುತ್ತವೆ. 2001ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಲ್ಲಿ, 1,548 ಶಸ್ತ್ರಚಿಕಿತ್ಸಾ ರೋಗಿಗಳ ಪೈಕಿ, ಬಿಗಿ ನಿಯಂತ್ರಣವು ಐಸಿಯು ಸಾವನ್ನು ಶೇ. 8ರಿಂದ 4.6ಕ್ಕೆ ಇಳಿಸಿತು, ಆದರೆ ಅವರಲ್ಲಿ ಹೆಚ್ಚಿನವರು ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದವರು, ಮೊದಲ ದಿನದಿಂದಲೇ ರಕ್ತನಾಳದ ಮೂಲಕ ಧಾರಾಳವಾಗಿ ಗ್ಲೂಕೋಸ್ ಪಡೆದವರು. ಹಲವು ಆಸ್ಪತ್ರೆಗಳ 6,104 ರೋಗಿಗಳನ್ನು ಒಳಗೊಂಡ, 2009ರ ನೈಸ್-ಶುಗರ್ ಅಧ್ಯಯನದಲ್ಲಿ 90 ದಿನಗಳೊಳಗಿನ ಸಾವು ಬಿಗಿ ಗುಂಪಿನಲ್ಲೇ ಹೆಚ್ಚು (ಶೇ. 27.5, ಸಡಿಲ ಗುಂಪಿನಲ್ಲಿ 24.9), ಸಕ್ಕರೆ ಅಪಾಯಕರವಾಗಿ 40 ಅಥವಾ ಅದಕ್ಕಿಂತ ಕೆಳಕ್ಕೆ ಕುಸಿದದ್ದಂತೂ ಕ್ರಮವಾಗಿ ಶೇ. 6.8 ಮತ್ತು 0.5 ರೋಗಿಗಳಲ್ಲಿ. ಸಕ್ಕರೆ ಕುಸಿದಾಗ ವೆಂಟಿಲೇಟರ್‌ನಲ್ಲಿ ಮಲಗಿದವರು ಕೈಕಾಲು ನಡುಗುತ್ತಿದೆ ಎಂದು ಬಾಯಿಬಿಟ್ಟು ಹೇಳಲಾರರಾದ್ದರಿಂದ, ನರ್ಸ್‌ಗಳ ಸಂಖ್ಯೆ ಕಡಿಮೆಯಿರುವ ರಾತ್ರಿ ಪಾಳಿಗೆ 140–180ರ ಗುರಿಯೇ ಮೇಲೆಂಬುದು ನನ್ನ ಅಭಿಪ್ರಾಯ.