ಕರೆಂಟ್ ಬಿಲ್ ಅರ್ಧ ಮಾಡಿಕೊಡ್ತೀವಿ ಅಂತ ಬಂದರೆ, ಮೊದಲು ಅಗ್ರಿಮೆಂಟ್ ಓದಿ

ಕಾಂಪ್ಲೆಕ್ಸ್, ಲಾಡ್ಜ್, ಕಲ್ಯಾಣ ಮಂಟಪ ಇರುವವರು ದಯವಿಟ್ಟು ಓದಿ. "ನೀವು ಒಂದು ರೂಪಾಯಿ ಹಾಕಬೇಡಿ ಸಾರ್, ಟ್ಯೂಬ್‌ಲೈಟು, ಎಸಿ ಎಲ್ಲ ನಾವೇ ಬದಲಾಯಿಸ್ತೀವಿ, ಬಿಲ್ಲಿನಲ್ಲಿ ಉಳಿದ ದುಡ್ಡಲ್ಲೇ ತಿಂಗಳಾ ಕಂತು ಕೊಡಿ" ಅಂತ ಒಂದು ಕಂಪನಿಯವರು ದಾವಣಗೆರೆಯ ನಮ್ಮ ಮಾವನವರ ಕಾಂಪ್ಲೆಕ್ಸಿಗೆ ಬಂದಿದ್ದರು. ಲೆಕ್ಕ ನೋಡುವವನು ನಾನು. ಕಂತು ತಪ್ಪದೆ ಹೋಗುತ್ತಿದೆ, ಬಿಲ್ ಮಾತ್ರ ಅಷ್ಟು ಇಳಿದಿಲ್ಲ.

ಅವರ ಡೆಮೋ ಸುಳ್ಳಲ್ಲ. ಒಂದು ಹಲಗೆ ಮೇಲೆ ಎರಡು ಟ್ಯೂಬು, ಪಕ್ಕದಲ್ಲಿ ಪುಟ್ಟ ಮೀಟರ್. ಹಳೇ 36 ವ್ಯಾಟ್ ಟ್ಯೂಬು ಚೋಕ್ ಸೇರಿ 48 ತೋರಿಸಿತು, ಎಲ್‌ಇಡಿ 20. ಆಟ ಇರುವುದು ಗಂಟೆಯಲ್ಲಿ. ದಿನಕ್ಕೆ 16 ಗಂಟೆ, ವರ್ಷಕ್ಕೆ 365 ದಿನ ಅಂತ ಹಿಡಿದು, ಒಂದು ಟ್ಯೂಬಿಗೆ ವರ್ಷಕ್ಕೆ 163 ಯೂನಿಟ್ ಉಳಿತಾಯ ಅಂದರು. ನಮ್ಮಲ್ಲಿ ಲೈಟು ಉರಿಯುವುದು ದಿನಕ್ಕೆ 10 ಗಂಟೆ. ಭಾನುವಾರ, ಹಬ್ಬ ಕಳೆದರೆ 300 ದಿನ. ಅಲ್ಲಿಗೆ 84 ಯೂನಿಟ್, ಹೆಚ್ಚುಕಮ್ಮಿ ಅರ್ಧ! ಬಾಡಿಗೆದಾರರೇ ಇಲ್ಲದ ಮೂರನೇ ಮಹಡಿಯ ಟ್ಯೂಬುಗಳೂ ಅವರ ಪಟ್ಟಿಯಲ್ಲಿ 16 ಗಂಟೆ ಉರಿಯುತ್ತಿವೆ.

ಕೇಳಿದರೆ ಅಗ್ರಿಮೆಂಟ್ ತೋರಿಸುತ್ತಾರೆ. ಉಳಿತಾಯವನ್ನು ಅನುಬಂಧದ ಲೆಕ್ಕದಂತೆ ಪರಿಗಣಿಸತಕ್ಕದ್ದು ಅಂತ ಒಂದು ಸಾಲು ಇದೆ. ಅನುಬಂಧ ಅಂದರೆ ಅವರದೇ 16 ಗಂಟೆಯ ಪಟ್ಟಿ. ಮೀಟರ್ ಏನೇ ಹೇಳಲಿ, ಕಂತು ಅಷ್ಟೇ.

ಎಸಿ ಕಥೆ ಇನ್ನೂ ಚೆನ್ನಾಗಿದೆ. ಹೋಲಿಕೆಗೆ ಹಿಡಿದದ್ದು ಏಪ್ರಿಲ್, ಮೇ ಬಿಲ್. ಹೊಸ ಎಸಿ ಹಾಕಿದ್ದು ಜೂನ್‌ನಲ್ಲಿ. ಮಳೆ ಬಂತು, ಎಸಿ ಆನ್ ಮಾಡುವವರೇ ಇಲ್ಲ, ಬಿಲ್ ಇಳಿಯಿತು, "ನೋಡಿ ಸಾರ್" ಅಂದರು. ಮಳೆರಾಯನ ಪಾಲನ್ನೂ ಇವರೇ ವಸೂಲಿ ಮಾಡಿದರು ಅನ್ನಿ. ಮುಂದಿನ ಬೇಸಿಗೆಗೆ ಬಿಲ್ ಮತ್ತೆ ಮೇಲೆ. ಹಿಂದಿನ 12 ತಿಂಗಳ ಬಿಲ್ಲನ್ನು ಆಯಾ ತಿಂಗಳಿಗೇ ಹೋಲಿಸದ ಲೆಕ್ಕ ಸುಮ್ನೆ ಕಾಗದ.

ಬೆಸ್ಕಾಂ ಬಿಲ್ಲಿನಲ್ಲಿ ನಿಗದಿತ ಶುಲ್ಕ ಅಂತ ಬೇರೆ ಸಾಲು ಇರುತ್ತದಲ್ವಾ, ಅದು ಮಂಜೂರಾದ ಲೋಡ್, ಅಂದರೆ ನಿಮ್ಮ ಕನೆಕ್ಷನ್‌ಗೆ ಒಪ್ಪಿಗೆ ಸಿಕ್ಕ ಕಿಲೋವ್ಯಾಟ್ ಮೇಲೆ ಬೀಳುವುದು. ಯೂನಿಟ್ ಎಷ್ಟೇ ಕಡಿಮೆಯಾದರೂ, ಲೋಡ್ ಇಳಿಸಿಕೊಡಿ ಅಂತ ಅರ್ಜಿ ಹಾಕುವ ತನಕ ಅದು ಇಳಿಯುವುದಿಲ್ಲ. ಕಂಪನಿಯವರು ಉಳಿತಾಯದ ಶೇಕಡಾವನ್ನು ಇಡೀ ಬಿಲ್ ಮೊತ್ತಕ್ಕೇ ಹಾಕಿದ್ದರು. ಅಂಗಡಿಗೊಂದು ಸಬ್ ಮೀಟರ್ ಇದ್ದು, ಬಾಡಿಗೆದಾರರೇ ಅದರ ಬಿಲ್ ಕಟ್ಟುವುದಾದರೆ ಇನ್ನೊಂದು ಗೋಳು: ಅಂಗಡಿಯೊಳಗೆ ಉಳಿದದ್ದು ಬಾಡಿಗೆದಾರರ ಜೇಬಿಗೆ, ಕಂತು ಮಾತ್ರ ಮಾಲೀಕರ ತಲೆಗೆ. ಕಂತು ಯಾರು ಕೊಡಬೇಕು ಅಂತ ಬಾಡಿಗೆ ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳಿ.

ಎಲ್‌ಇಡಿ, ಇನ್ವರ್ಟರ್ ಎಸಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಸ್ವಂತ ದುಡ್ಡಲ್ಲಿ, ಜಾಸ್ತಿ ಹೊತ್ತು ಉರಿಯುವ ಕಡೆ, ಅಂದರೆ ಕಾರಿಡಾರು, ಮೆಟ್ಟಿಲು, ಪಾರ್ಕಿಂಗ್‌ನಲ್ಲಿ ಮೊದಲು ಹಾಕಿಸಿದರೆ ಬೇಗ ವಸೂಲಾಗುತ್ತದೆ. ಕಂಪನಿಯವರ ಲೆಕ್ಕವನ್ನು ಮಾತ್ರ ಅವರಿಗೆ ಸಂಬಂಧವಿಲ್ಲದ, ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತೆ ಬ್ಯೂರೋ) ಸರ್ಟಿಫಿಕೇಟ್ ಇರುವ ಎನರ್ಜಿ ಆಡಿಟರ್, ಅಂದರೆ ಕರೆಂಟ್ ಬಳಕೆ ಅಳೆದು ಲೆಕ್ಕ ಹಾಕುವವರ ಹತ್ತಿರ ತೋರಿಸಿ.

ನಮ್ಮ ಅಗ್ರಿಮೆಂಟ್ ಈಗ ವಕೀಲರ ಹತ್ತಿರ ಇದೆ. ಮಧ್ಯದಲ್ಲಿ ಬಿಡಬೇಕೆಂದರೆ ಉಳಿದ ಅಷ್ಟೂ ಕಂತನ್ನು ಒಟ್ಟಿಗೆ ಕಟ್ಟಬೇಕು ಅಂತ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇದೆಯಂತೆ.